ಕಲರ್ ಡ್ರೆಸ್ ಹಾಕಿದ ಮಿಸ್

ಆ ಬೆಳಿಗ್ಗೆ ಎಂದಿನಂಥದೇ ಒಂದು ಬೆಳಿಗ್ಗೆ. ಬಾಗಿಲ ಹಿಡಿಗೆ ತೂಗುಹಾಕಿದ್ದ ಚೀಲದಿಂದ ಹಾಲಿನ ಪ್ಯಾಕೆಟ್ ತೆಗೆದು, ಡಿಕಾಕ್ಷನ್ ಇಳಿಯಲು ಬಿಟ್ಟು, ಅಳಿಯನ ಡಬ್ಬಿಗೆ ಚಿತ್ರಾನ್ನ ಕಲಸುವಷ್ಟರಲ್ಲಿ ಮೊಮ್ಮಗಳು ಎದ್ದು ಬಂದಳು. ಮೂರು ವರ್ಷದ ಅವಳಿಗೆ ಬೆಳಗಿನ ಹೊತ್ತು ಇರುವುದು ಒಂದೇ ದೊಡ್ಡ ಕೆಲಸ: ಡೇಕೇರ್‌ಗೆ ಏನು ಹಾಕಿಕೊಂಡು ಹೋಗಬೇಕೆಂದು ತೀರ್ಮಾನಿಸುವುದು. ಬೀರುವಿನ ಕೆಳಗಿನ ಅರೆಯನ್ನು ಪೂರ್ತಿ ನೆಲಕ್ಕೆ ಸುರಿದುಕೊಂಡು ಅದರ ನಡುವೆ ಕೂತಳು. ಕೊನೆಗೆ ಹಳದಿ ಫ್ರಾಕು, ಅದರ ಕೆಳಗೆ ಹೂವಿನ ಪೈಜಾಮ, ತಲೆಗೆ ಉಣ್ಣೆಯ ಟೋಪಿ. ಸೆಖೆಗೆ ಟೋಪಿ ಯಾಕೆ ಪುಟ್ಟಿ ಎಂದರೆ ಕೇಳುವವಳಲ್ಲ.

ಮಗಳ ಮನೆಯಲ್ಲೇ ಈಗ ನನ್ನ ವಾಸ. ರಾಮಮೂರ್ತಿ ನಗರದ ಆಚೆ ಎದ್ದಿರುವ ಅಪಾರ್ಟ್‌ಮೆಂಟುಗಳಲ್ಲಿ ಇದೂ ಒಂದು. ಗೇಟಿನ ಎದುರಿಗೇ ಡೇಕೇರ್. ನಮ್ಮ ಬಾಲ್ಕನಿಯಿಂದ ಅದರ ಅಂಗಳ, ಜಾರುಬಂಡೆ, ಮರಳಿನ ತೊಟ್ಟಿ ಎಲ್ಲ ಕಾಣುತ್ತವೆ.

ಮಗಳು ಲ್ಯಾಪ್‌ಟಾಪ್ ಬ್ಯಾಗಿಗೆ ಚಾರ್ಜರ್ ತುರುಕುತ್ತ ಊಟದ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಇಟ್ಟಳು.

"ಅಮ್ಮಾ, ಇದೊಂದ್ ನೋಡು. ಡೇಕೇರ್‌ನಲ್ಲಿ ಯೂನಿಫಾರ್ಮ್ ಮಾಡ್ಬೇಕು ಅಂತಿದಾರೆ. ಇದು ಸ್ಯಾಂಪಲ್. ಗ್ರೂಪಲ್ಲಿ ಓಟಿಂಗ್ ಇಟ್ಟಿದಾರೆ, ಸಾಯಂಕಾಲದೊಳಗೆ ಹಾಕ್ಬೇಕು. ನೀನೇನಂತೀಯ?"

ನಾನು ಉತ್ತರ ಹೇಳುವ ಮೊದಲೇ ಅವಳ ಕ್ಯಾಬ್ ಬಂತು. ಮೊಮ್ಮಗಳನ್ನು ಗೇಟು ದಾಟಿಸಿ, ಒಳಗೆ ಬಿಟ್ಟು ಬಂದು, ಕವರ್ ಬಿಚ್ಚಿದೆ. ನೀಲಿ ಚೌಕುಳಿಯ ಪುಟ್ಟ ಪಿನಫೋರ್. ಒಂದು ಕೈಯಗಲವೂ ಇಲ್ಲದ ಭುಜ. ಕಾಲರಿನ ಹಿಂದೆ ದಾರದ ತುದಿಯೊಂದು ಕತ್ತರಿಸದೆ ಉಳಿದಿತ್ತು. ಮುಖದ ಹತ್ತಿರ ತಂದುಕೊಂಡೆ. ಹೊಸ ಕಾಟನ್ ಬಟ್ಟೆಯ ಗಂಜಿವಾಸನೆ... ಮಗ್ಗದಿಂದ ಬಂದು ಇನ್ನೂ ನೀರು ಕಾಣದ ಬಟ್ಟೆಗೆ ಮಾತ್ರ ಇರುವ, ಸ್ವಲ್ಪ ಹಿಟ್ಟಿನ, ಸ್ವಲ್ಪ ಗೋಣಿಚೀಲದ ವಾಸನೆ. ಅದರ ಹಿಂದೆಯೇ ಹಲಸೂರಿನ ಒಂದು ಮನೆಯ ಮುಂದಿನ ಕೋಣೆ, ಕಿಟಕಿಯ ಕೆಳಗಿನ ಹೊಲಿಗೆ ಯಂತ್ರ, ಅದರ ಮುಂದೆ ಬೆನ್ನು ಬಾಗಿಸಿ ಕೂತ ಮಿಸ್ ಎಲ್ಲ ಒಟ್ಟಿಗೆ ಬಂದುಬಿಟ್ಟರು. ಬೆಳಗಿನ ಪಾತ್ರೆಗಳು ಸಿಂಕಿನಲ್ಲಿ ಹಾಗೇ ಉಳಿದವು.

ಅವರನ್ನು ನಾವೆಲ್ಲ ಕರೆಯುತ್ತಿದ್ದದ್ದು ಮಿಸ್ ಎಂದೇ. ಮಕ್ಕಳಿಗೂ ಮಿಸ್, ತಾಯಂದಿರಿಗೂ ಮಿಸ್, ಸೊಪ್ಪು ಮಾರುವವಳಿಗೂ ಮಿಸ್. ಎಷ್ಟೋ ವರ್ಷ ಒಂದು ಕಾನ್ವೆಂಟಿನ ನರ್ಸರಿಯಲ್ಲಿ ಕೆಲಸ ಮಾಡಿ, ಆಮೇಲೆ ತಮ್ಮ ಮನೆಯ ಮುಂದಿನ ಎರಡು ಕೋಣೆಗಳಲ್ಲಿ 'ಬೇಬಿ ಸಿಟ್ಟಿಂಗ್' ನಡೆಸುತ್ತಿದ್ದರು. ಡೇಕೇರ್ ಎಂಬ ಮಾತು ಆಗ ನಮ್ಮ ಬೀದಿಗೆ ಬಂದಿರಲಿಲ್ಲ. ಮದುವೆಯಾಗದ ಹೆಂಗಸು. ಬೂದು ಇಲ್ಲವೇ ಕೆನೆ ಬಣ್ಣದ ಸೀರೆ ಬಿಟ್ಟು ಬೇರೆಯದನ್ನು ಉಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಬಲಗೈ ಬಳೆಗೆ ಸೇಫ್ಟಿ ಪಿನ್ನುಗಳ ಗೊಂಚಲು. ಬಂದ ಪ್ರತಿ ಮಗುವಿನ ಎದೆಗೂ ಒಂದು ಕರ್ಚೀಫನ್ನು ಮಡಿಸಿ ಆ ಪಿನ್ನಿನಿಂದ ಸಿಕ್ಕಿಸುತ್ತಿದ್ದರು. ಅವರ ಮಾತು ದಂಡು ಪ್ರದೇಶದ ಹಳಬರ ಮಾತು: ಕನ್ನಡದಲ್ಲಿ ಶುರುವಾಗಿ, ತಮಿಳಿನಲ್ಲಿ ತಿರುಗಿ, ಇಂಗ್ಲಿಷಿನಲ್ಲಿ ಮುಗಿಯುವಂಥದ್ದು. ಎಲ್ಲರೂ ಅವರಿಗೆ 'ಮಾ'.

ನಾನು ಮನೆಯಲ್ಲೇ ಇರುವವಳು. ಆದರೂ ನನ್ನ ಮಗಳನ್ನು ಅಲ್ಲಿ ಬಿಡಬೇಕಾಗಿ ಬಂದದ್ದು ನಮ್ಮತ್ತೆಗೆ ಪಾರ್ಶ್ವವಾಯು ಬಡಿದ ವರ್ಷ. ಅವರನ್ನು ತಿರುಗಿಸಿ ಮಲಗಿಸುವುದು, ಒರೆಸುವುದು, ಗಂಜಿ ಕುಡಿಸುವುದು... ಎರಡೂವರೆ ವರ್ಷದ ಮಗು ಇದನ್ನೆಲ್ಲ ಬಾಗಿಲ ಸಂದಿಯಿಂದ ನೋಡುತ್ತ ನಿಲ್ಲುತ್ತಿತ್ತು. ಮಿಸ್ ಒಂದು ದಿನ ಬೀದಿಯಲ್ಲಿ ನಿಲ್ಲಿಸಿ, "ಮಗೂನ ನಮ್ಮನೇಗ್ ಬಿಡು ಮಾ. ಊಟ ಆದ್ಮೇಲೆ ಅತ್ತೆ ಮಲಗ್ತಾರಲ್ಲ, ಆವಾಗ ನೀನೂ ಬಾ. ನಿನ್ನ ಇಂಗ್ಲಿಷ್ ಚೆನ್ನಾಗಿದೆ, ನಾಲ್ಕು ರೈಮ್ಸ್ ಹೇಳ್ಕೊಡು" ಎಂದರು. ಹಾಗೆ ನಾನು ಮಧ್ಯಾಹ್ನದ ಹೊತ್ತು ಅಲ್ಲಿಗೆ ಹೋಗತೊಡಗಿದೆ. ನಮ್ಮ ಮನೆಯಿಂದ ಮಿಸ್ ಮನೆಗೆ ಬಂದರೆ ಉಸಿರು ಸಲೀಸಾಗುತ್ತಿತ್ತು.

ಮಗಳಿಗೆ ಮಿಸ್ ಕೊಟ್ಟ ಮೊದಲ ವಸ್ತುವೇ ಯೂನಿಫಾರ್ಮ್. ಕಂದು ಚೌಕುಳಿಯ, ತೋಳಿಲ್ಲದ ಅಂಗಿ. ಶಿವಾಜಿನಗರದಿಂದ ಥಾನುಗಟ್ಟಲೆ ಬಟ್ಟೆ ತಂದು, ಎಲ್ಲ ಮಕ್ಕಳಿಗೂ ತಾವೇ ಹೊಲಿಯುತ್ತಿದ್ದರು. ಗಂಡಾಗಲಿ ಹೆಣ್ಣಾಗಲಿ, ಎಲ್ಲ ಅಂಗಿಗೂ ಎದುರಿಗೆ ಒಂದು ದೊಡ್ಡ ಜೇಬು. ಆ ಜೇಬಿಗೆ ಕೈಹಾಕುವ ಹಕ್ಕು ಮಿಸ್‌ಗೂ ಇರಲಿಲ್ಲ. ಮನೆಯಲ್ಲಿ ಒಗೆಯುವಾಗ ಅದರಲ್ಲಿ ಕಲ್ಲು, ಹುಣಸೆ ಬೀಜ, ಒಮ್ಮೆ ಸತ್ತ ಜಿರಲೆ ಕೂಡ ಸಿಕ್ಕಿದ್ದುಂಟು.

ನನಗೆ ಅದು ಹಿಡಿಸಲಿಲ್ಲ. ನಾನೂ ಕಾನ್ವೆಂಟಿನಲ್ಲಿ ಓದಿದವಳೇ. ಹನ್ನೆರಡು ವರ್ಷ ಅದೇ ನೀಲಿ ಟ್ಯೂನಿಕ್ಕು, ಸೋಮವಾರದ ಉಗುರು ತಪಾಸಣೆ, ಕ್ಯಾನ್ವಾಸ್ ಶೂಗೆ ಬಳಿದ ಸುಣ್ಣದಂಥ ಬಿಳಿ. ವರ್ಷಕ್ಕೊಮ್ಮೆ, ಹುಟ್ಟುಹಬ್ಬದ ದಿನ ಮಾತ್ರ, ಯೂನಿಫಾರ್ಮ್ ಬಿಟ್ಟು ಬೇರೆ ಬಟ್ಟೆ ಹಾಕಬಹುದಿತ್ತು. ಅದಕ್ಕೆ ನಾವು ಹೇಳುತ್ತಿದ್ದದ್ದು 'ಕಲರ್ ಡ್ರೆಸ್'. ಈ ಊರಿನಲ್ಲಿ ಶಾಲೆಗೆ ಹೋದ ಯಾರನ್ನು ಬೇಕಾದರೂ ಕೇಳಿ. ಕಲರ್ ಡ್ರೆಸ್ ಎಂದರೆ ಹುಟ್ಟುಹಬ್ಬ. ಮಿಸ್ ಮನೆಯಲ್ಲೂ ಅದೇ ವಾಡಿಕೆ. ಅವತ್ತು ಚಾಕಲೇಟಿನ ಡಬ್ಬಿ ಹಿಡಿದು ಕ್ಲಾಸಿಂದ ಕ್ಲಾಸಿಗೆ ತಿರುಗುವುದು, ಎಲ್ಲರೂ ಎದ್ದುನಿಂತು ಹಾಡುವುದು. ಉಳಿದ ದಿನವೆಲ್ಲ ಎಲ್ಲರ ಹಾಗೆ. ಅಂಥ ವರ್ಷಗಳು ಮಗುವಿಗೆ ಹೇಗೂ ಬಂದೇ ಬರುತ್ತವೆ, ಇನ್ನೂ ಚಡ್ಡಿ ಒದ್ದೆ ಮಾಡಿಕೊಳ್ಳುವ ವಯಸ್ಸಿಗೇ ಯಾಕೆ ಎಂದು ನಾನು ಕೇಳಿದೆ.

ಮಿಸ್ ಯಂತ್ರದ ಪೆಡಲು ತುಳಿಯುವುದನ್ನು ನಿಲ್ಲಿಸಲಿಲ್ಲ. "ಮಕ್ಳಿಗೆ ಬೇಕಾಗಿಲ್ಲ ಮಾ, ಕರೆಕ್ಟು. ಮೊದ್ಲು ನಾನೂ ಇಟ್ಟಿರ್ಲಿಲ್ಲ. ಒಬ್ರು ತಾಯಿ ಬಂದು, ಹಿಂದಿನ ಗಲ್ಲಿ ಮಕ್ಕಳ ಪಕ್ಕ ನನ್ನ ಮಗೂನ ಮಲಗಿಸ್ಬೇಡಿ ಅಂದ್ರು. ಯಾರ್ ಹೇಳಿದ್ರು ಇವರಿಗೆ, ಯಾವ ಮಗು ಯಾವ ಗಲ್ಲೀದು ಅಂತ? ಬಟ್ಟೆ ಹೇಳ್ತು. ಅವತ್ತೇ ಹೋಗಿ ಥಾನು ತಂದೆ." ಹಲ್ಲಿನಿಂದ ದಾರ ಕಡಿದು, "ಇದು ಮಕ್ಳ ಮೈಗೆ ಹಾಕೋದಲ್ಲ ಮಾ. ದೊಡ್ಡೋರ ಕಣ್ಣಿಗೆ ಹಾಕೋದು" ಎಂದರು.

 ಮಧ್ಯಾಹ್ನ ಚಾಪೆಯ ಮೇಲೆ ಸಾಲಾಗಿ ಮಲಗಿದ ಕಂದು ಅಂಗಿಗಳನ್ನು ನೋಡಿದರೆ ನಿಜವಾಗಿಯೂ ಯಾರು ಮಿಲಿಟರಿ ಆಫೀಸರ ಮಗು, ಯಾರು ಆಟೋದವರ ಮಗು ಎಂದು ತಿಳಿಯುತ್ತಿರಲಿಲ್ಲ. ಎಲ್ಲರ ಬಾಯಿಂದಲೂ ಒಂದೇ ರೀತಿ ಜೊಲ್ಲು ಸುರಿಯುತ್ತಿತ್ತು.

ಮಳೆಗಾಲ ಶುರುವಾಗುವ ಹೊತ್ತಿಗೆ ಆ ಹುಡುಗಿ ಬಂದಳು. ಅವಳನ್ನು ಕರೆತಂದ ತಾಯಿಗೆ ಆಗ ಇಪ್ಪತ್ತೂ ಆಗಿರಲಾರದು. ಗುಲ್ಬರ್ಗದ ಕಡೆಯವಳು. ಗಂಡ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಈಕೆಗೆ ಗಾರ್ಮೆಂಟ್ಸಿನಲ್ಲಿ ಆಗಷ್ಟೇ ಕೆಲಸ ಸಿಕ್ಕಿತ್ತು. ಹೊಲಿದು ಬಂದ ಅಂಗಿಗಳ ದಾರದ ತುದಿ ಕತ್ತರಿಸುವ ಕೆಲಸ. ಬಾಗಿಲಲ್ಲಿ ನಿಂತು, ಸೆರಗನ್ನು ತಲೆ ಮೇಲೆ ಎಳೆದುಕೊಂಡು, ತಗ್ಗಿದ ದನಿಯಲ್ಲಿ ಹೇಳಿದಳು:

"ಇಷ್ಟ್ ದಿನ ಖೋಲ್ಯಾಗ ಹಾಕಿ ಕೀಲಿ ಹಾಕ್ಕೊಂಡು ಹೋಗ್ತಿದ್ದೆ ರೀ ಅಕ್ಕೋರ. ಮಗ್ಗುಲ ಮನಿ ಮುದುಕಿ ಕಿಡಕ್ಯಾಗಿಂದ ನೋಡ್ತಿದ್ಲು. ಆಕೀನೂ ಊರಿಗೆ ಹೋದ್ಲು. ಇಲ್ಲಿ ನಿಂತ್ರ ನಮ್ಮ ಪುಣ್ಯ. ನಿಲ್ಲಲಿಲ್ಲಂದ್ರ ಮತ್ತ ಕೀಲೀನೇ ರೀ."

ಕೋಣೆಯೊಳಗೆ ಹಾಕಿ ಬೀಗ ಹಾಕುವುದು. ಮಿಸ್ ಮಗುವಿನ ಕೈ ಹಿಡಿದುಕೊಂಡರು.

ಮೊದಲ ದಿನವೆಂದು ತಾಯಿ ಮಗುವಿಗೆ ತನ್ನಲ್ಲಿದ್ದ ಒಳ್ಳೆಯ ಬಟ್ಟೆಯನ್ನೇ ಹಾಕಿದ್ದಳು. ನೇರಳೆ ಬಣ್ಣದ ಉದ್ದ ಲಂಗ, ಅವರ ಮಾತಿನಲ್ಲಿ ಪರಕಾರ, ಅಂಚಿಗೆ ಬಂಗಾರದ ಜರಿ, ಕೆಂಪು ಪೋಲಕ, ಹಣೆಗೆ ಅವಳ ಹೆಬ್ಬೆರಳಷ್ಟು ದೊಡ್ಡ ಕುಂಕುಮ. ಹುಡುಗಿ ಯಾರನ್ನೂ ನೋಡದೆ, ತುಟಿ ಬಿಗಿದುಕೊಂಡು ಹೊಸ್ತಿಲಲ್ಲೇ ನಿಂತಳು. ನಾನು ಅಂದು ಮಗಳನ್ನು ಬಿಡಲು ಹೋದವಳು ಅಲ್ಲೇ ಇದ್ದೆ. ಒಳಗಿದ್ದ ಮಕ್ಕಳು ಒಮ್ಮೆ ತಿರುಗಿ ನೋಡಿದರು. ಆಮೇಲೆ ಒಬ್ಬ ಕೂಗಿದ: "ಕಲರ್ ಡ್ರೆಸ್!"

"ಕಲರ್ ಡ್ರೆಸ್! ಕಲರ್ ಡ್ರೆಸ್!"

ಮಿಸ್ ಬಾಯಿ ತೆರೆಯುವಷ್ಟರಲ್ಲಿ ಎಲ್ಲವೂ ಎದ್ದುನಿಂತು, ಚಪ್ಪಾಳೆ ತಟ್ಟಿ, ಹ್ಯಾಪಿ ಬರ್ತ್‌ಡೇ ಹಾಡಲು ಶುರುಮಾಡಿಬಿಟ್ಟವು. ಹೆಸರಿನ ಜಾಗದಲ್ಲಿ ಏನು ಹೇಳುವುದೆಂದು ತಿಳಿಯದೆ 'ಪಾಪು' ಎಂದವು. ಕೊನೆಗೆ ದೊಡ್ಡವನೊಬ್ಬ ಕೈ ನೀಡಿ, "ಚಾಕ್ಲೇಟ್ ಎಲ್ಲಿ?" ಎಂದ. ಮಿಸ್ ನನ್ನ ಮುಖ ನೋಡಿದರು. ಅವರಿಗೆ ನಗು ಬಂದಿತ್ತು, ಕಣ್ಣೂ ತುಂಬಿತ್ತು. ಒಳಗೆ ಹೋಗಿ ಕಲ್ಲುಸಕ್ಕರೆ ತಂದು ಹುಡುಗಿಯ ಎರಡೂ ಅಂಗೈಗೆ ಸುರಿದರು. ಅವಳು ಒಬ್ಬೊಬ್ಬರ ಮುಂದೆ ಹೋಗಿ ನಿಲ್ಲುತ್ತಿದ್ದಳು, ಅವರೇ ಒಂದೊಂದು ಹರಳು ಎತ್ತಿಕೊಳ್ಳುತ್ತಿದ್ದರು. ಕೊನೆಯ ಮಗುವಿನ ಹತ್ತಿರ ಬರುವ ಹೊತ್ತಿಗೆ ಬಿಗಿದ ತುಟಿ ಸಡಿಲವಾಗಿತ್ತು... ಆ ಮುಖವನ್ನು ಬರೆಯಲು ನನ್ನಿಂದಾಗದು. ಬೀಗದ ಕೋಣೆಯಿಂದ ಹೊರಗೆ ಬಂದರೆ ಜಗತ್ತು ಎದ್ದುನಿಂತು ಹಾಡುತ್ತದೆ ಎಂದು ತಿಳಿದ ಮಗುವಿನ ಮುಖ ಅದು.

ಸಂಜೆ ತಾಯಿ ಬಂದಾಗ ಮಿಸ್ ನಡೆದದ್ದು ಹೇಳಿದರು. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಇವತ್ತೇನ್ ರೀ? ಇದು ಹುಟ್ಟಿದ್ದು ಶೇಂಗಾ ಕೀಳೂ ಮುಂದ. ತಾರೀಖು ಯಾರ್ ನೆಪ್ಪಿಟ್ಟಾರ್ರಿ?"

ಮಿಸ್ ಅಂದೇ ಕಂದು ಬಟ್ಟೆ ಕತ್ತರಿಸಿದರು. ಮರುದಿನ ಹುಡುಗಿ ಎಲ್ಲರ ಹಾಗೆ ಚೌಕುಳಿ ಅಂಗಿ ತೊಟ್ಟು ಬಂದಳು. ಬಂದವಳೇ ಕೋಣೆಯ ನಡುವೆ ಹೋಗಿ ನಿಂತು ಕಾದಳು. ಮಕ್ಕಳು ತಮ್ಮ ಪಾಡಿಗೆ ಇದ್ದವು. ಅವಳು ಒಂದಿಷ್ಟು ಸರಿದು, ಇನ್ನೊಂದು ಕಡೆ ನಿಂತು ಕಾದಳು. ಯಾರೂ ತಲೆಯೆತ್ತಲಿಲ್ಲ. ಆಮೇಲೆ ಚಪ್ಪಲಿ ಬಿಡುವ ಮೂಲೆಗೆ ಹೋಗಿ ಗೋಡೆಗೆ ಮುಖಮಾಡಿ ಕೂತಳು. ಮಧ್ಯಾಹ್ನ ನಾನು ಹೋದಾಗ ಯೂನಿಫಾರ್ಮನ್ನು ಕಿತ್ತು ಬಿಸಾಕಿ, ಬರಿಮೈಯಲ್ಲಿ ನಡುಗುತ್ತಿದ್ದಳು. ಮಿಸ್ ತಮ್ಮ ಸೆರಗು ಹೊದಿಸಿ ಎತ್ತಿಕೊಂಡಿದ್ದರು. "ಹಾಡು ಬರಲಿಲ್ಲ" ಎಂದು ಒಂದೇ ಸಮನೆ ಬಿಕ್ಕುತ್ತಿತ್ತು ಆ ಮಗು, ತನ್ನ ಊರಿನ ಮಾತಿನಲ್ಲಿ.

ಮರುದಿನದ್ದು ನೋಡಲಾಗದ ಬೆಳಿಗ್ಗೆ. ತಾಯಿ ಅವಳನ್ನು ಹೊತ್ತು ತಂದಳು. ಹುಡುಗಿ ಕಾಲರನ್ನು ಎರಡೂ ಕೈಯಿಂದ ಎಳೆಯುತ್ತ, ಇಡೀ ಬೀದಿಗೆ ಕೇಳುವಂತೆ ಕಿರುಚುತ್ತಿದ್ದಳು. ಫ್ಯಾಕ್ಟರಿಯ ಗೇಟು ಹಾಕುವ ಹೊತ್ತಾಗಿತ್ತು. ತಾಯಿ ನಮ್ಮೆಲ್ಲರ ಮುಂದೆ ಮಗುವಿನ ಕೆನ್ನೆಗೆ ಒಂದು ಬಾರಿಸಿ, ಮಿಸ್ ಕೈಗೆ ಕೊಟ್ಟು, ಹಿಂದೆ ನೋಡದೆ ಓಡಿದಳು. ಓಡುತ್ತಲೇ ಅಳುತ್ತಿದ್ದಳು ಎಂದು ಮೂಲೆಯ ಅಂಗಡಿಯವರು ಆಮೇಲೆ ಹೇಳಿದರು. ಮಗು ವಾಂತಿಯಾಗುವವರೆಗೂ ಅತ್ತಿತು. ಸಂಜೆ ತಾಯಿಯ ಮುಖ ಗೋಡೆಯ ಹಾಗಿತ್ತು. "ಇನ್ನೊಂದ್ ಸಲ ಲೇಟಾದ್ರ ಬರಬ್ಯಾಡ ಅಂದಾರ್ರಿ. ಬಿಡ್ರಿ ಅಕ್ಕೋರ. ಇದರ ಹಣ್ಯಾಗ ಖೋಲೀನೇ ಬರದದ."

"ಸುಮ್ನೆ ಇರು ಮಾ," ಎಂದರು ಮಿಸ್. "ನಾಳೆ ಅದೇನ್ ಕೇಳುತ್ತೋ ಅದನ್ನೇ ಹಾಕಿ ಕರ್ಕೊಂಡ್ ಬಾ."

ಅದು ಕೇಳಿದ್ದು ನೇರಳೆ ಪರಕಾರ. ಇದ್ದದ್ದೂ ಅದೊಂದೇ ಚೆಂದದ್ದು. ಮಕ್ಕಳು ಮತ್ತೆ ಹಾಡಿದರು. ಅದರ ಮರುದಿನವೂ ಹಾಡಿದರು. ಆಮೇಲೆ ಆ ದೊಡ್ಡ ಹುಡುಗ ಸೊಂಟದ ಮೇಲೆ ಕೈಯಿಟ್ಟು, "ಏಯ್, ದಿನಾ ದಿನಾ ಬರ್ತ್‌ಡೇ ಮಾಡ್ಕೊಂಡ್ರೆ ನೀನು ಬೇಗ ಅಜ್ಜಿ ಆಗ್ಬಿಡ್ತೀಯ!" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹುಡುಗಿಯೂ ನಕ್ಕಳು, ಅರ್ಥವಾಗದೆ. ಹಾಡು ನಿಂತರೂ ಅವಳು ಅಳಲಿಲ್ಲ. ಅಷ್ಟರಲ್ಲಿ ಅವಳಿಗೆ ಆಟ ಸಿಕ್ಕಿತ್ತು. ಆದರೆ ಪರಕಾರ ಮಾತ್ರ ಬಿಡಲೊಲ್ಲಳು.

ಕಷ್ಟ ಶುರುವಾದದ್ದು ಬೇರೆ ಮನೆಗಳಲ್ಲಿ. ನನ್ನ ಮಗಳೂ ಬೆಳಿಗ್ಗೆ ನೆಲಕ್ಕೆ ಬಿದ್ದು ಕೈಕಾಲು ಬಡಿಯತೊಡಗಿದಳು, "ನಂಗೂ ಕಲರ್ ಡ್ರೆಸ್" ಎಂದು. ಎಲ್ಲರ ಮನೆಯಲ್ಲೂ ಇದೇ ಕಥೆ. ಸಂಜೆ ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರು ಗೇಟಿನ ಹತ್ತಿರ ಗುಂಪು ಕಟ್ಟಿದರು.

"ಮಿಸ್, ಅವಳಿಗೊಂದು ರೂಲು, ನಮ್ಮ ಮಕ್ಕಳಿಗೊಂದು ರೂಲಾ?"

"ಯೂನಿಫಾರ್ಮ್ ಹಾಕಲ್ಲ ಅಂದ್ರೆ ಬೇರೆ ಕಡೆ ಸೇರಿಸ್ಲಿ. ಒಬ್ಬಳಿಗೋಸ್ಕರ ಎಲ್ಲಾರೂ ಯಾಕೆ ಕಷ್ಟ ಪಡ್ಬೇಕು?"

ಇನ್ನೊಬ್ಬರು, ಮೆತ್ತಗೆ, ಆದರೆ ಎಲ್ಲರಿಗೂ ಕೇಳುವಷ್ಟು: "ಅದೇ ಲಂಗ ದಿನಾ. ಒಗೀತಾರೋ ಇಲ್ವೋ. ಪಕ್ಕದಲ್ಲಿ ನಮ್ಮ ಮಗು ಮಲಗ್ಬೇಕು."

ಮಿಸ್ ಪಿನ್ನುಗಳನ್ನು ಬಳೆಯ ಸುತ್ತ ತಿರುಗಿಸುತ್ತ ನಿಂತಿದ್ದರು. ಎಲ್ಲರೂ ಹೋದ ಮೇಲೆ ನನ್ನ ಕಡೆ ತಿರುಗಿದರು. "ಯಾರ ಕಣ್ಣಿಗೂ ಬೀಳ್ಬಾರ್ದು ಅಂತ ಹೊಲಿದೆ ಮಾ. ಈಗ ನೋಡು, ಗೇಟಿನಿಂದಾನೇ ಕಾಣ್ತಾಳೆ."

ಹೊರಗೆ ಹಾಕಿದರೆ ಬೀಗ. ಒಳಗೆ ಇಟ್ಟುಕೊಂಡರೆ ಉಳಿದವರು ಬಿಡುತ್ತಾರೆ. ಬಲವಂತವಾಗಿ ಯೂನಿಫಾರ್ಮ್ ಹಾಕಿಸಿದರೆ ಏನಾಗುತ್ತದೆಂದು ನೋಡಿಯಾಗಿತ್ತು. ನಾನು, ಇನ್ನೂ ಒಂದು ವಾರ ನೋಡಿ ಎಂದೆ.  ಆ ಶನಿವಾರ ಮಿಸ್ ಮನೆಯಿಂದ ಯಂತ್ರದ ಸದ್ದು ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಮಗಳನ್ನು ಕರೆದುಕೊಂಡು ತಿರುವು ದಾಟಿದರೆ, ಗೇಟಿನಲ್ಲಿ ಕೆಂಪು ಸೀರೆಯ ಹೆಂಗಸೊಬ್ಬರು ನಿಂತಿದ್ದಾರೆ. ಮಾರುಕಟ್ಟೆಯ ಟೊಮೇಟೊ ಕೆಂಪು. ಹತ್ತಿರ ಹೋಗುವವರೆಗೆ ಅದು ಮಿಸ್ ಎಂದು ನನಗೆ ಹೊಳೆಯಲೇ ಇಲ್ಲ. ಮಡಿಕೆಯ ಗುರುತು ಹಾಗೇ ಇತ್ತು. ಎಷ್ಟೋ ವರ್ಷ ಟ್ರಂಕಿನ ತಳದಲ್ಲಿದ್ದ ಸೀರೆ. ಯಾರಿಗಾಗಿ ಉಡಲೆಂದು, ಯಾವಾಗ ಕೊಂಡಿದ್ದರೋ. ನನ್ನ ಮಗಳು ಬಾಯಿ ತೆರೆದು ನೋಡಿ, "ಮಿಸ್ ಕಲರ್ ಡ್ರೆಸ್!" ಎಂದು ಚೀರಿದಳು. ಒಳಗಿದ್ದ ಮಕ್ಕಳೆಲ್ಲ ಓಡಿಬಂದರು. ಹಾಡಿದರು. ನೇರಳೆ ಪರಕಾರದ ಹುಡುಗಿ ಎಲ್ಲರಿಗಿಂತ ಜೋರಾಗಿ ಹಾಡಿದಳು; ಬಂದದ್ದು ಅರ್ಧ, ಹುಟ್ಟಿಸಿದ್ದು ಅರ್ಧ.

ಮಿಸ್ ಕೊನೆಯವರೆಗೂ ಹಾಡಿಸಿಕೊಂಡರು. ಆಮೇಲೆ ತಾಯಂದಿರೆಲ್ಲ ಇರುವಾಗಲೇ ಮಕ್ಕಳಿಗೆ ಹೇಳಿದರು, "ಥ್ಯಾಂಕ್ಯೂ ಕಣ್ಣುಗಳಾ. ಇವತ್ತು ನನ್ನ ಬರ್ತ್‌ಡೇ ಅಲ್ಲ. ಯಾರ ಬರ್ತ್‌ಡೇನೂ ಅಲ್ಲ. ಇದು ಬಟ್ಟೆ, ಅಷ್ಟೇ. ನಾಳೆಯಿಂದ ನೀವೂ ನಿಮಗಿಷ್ಟ ಬಂದಿದ್ದು ಹಾಕ್ಕೊಂಡ್ ಬನ್ನಿ. ಯೂನಿಫಾರ್ಮ್ ಫಿನಿಶ್."

ಮಕ್ಕಳಿಗೆ ಅದು ಹಬ್ಬ. ಒಬ್ಬ ಮಳೆಕೋಟಿನಲ್ಲಿ ಬಂದ, ಇನ್ನೊಬ್ಬಳು ರಾತ್ರಿ ಹಾಕುವ ನೈಟಿಯಲ್ಲೇ ಬಂದಳು. ಕಂದು ಅಂಗಿಗಳು ಮಿಸ್ ಅಡುಗೆಮನೆಯಲ್ಲಿ ಮಸಿಬಟ್ಟೆಯಾದವು. ಹುಡುಗಿ ಉಳಿದಳು, ತಾಯಿಯ ಕೆಲಸವೂ ಉಳಿಯಿತು. ಪರಕಾರವನ್ನು ಒಂದು ದಿನ ಅವಳೇ ಮರೆತು, ಅಪ್ಪನ ಬನಿಯನ್ನಿನಂಥದ್ದೇನೋ ಹಾಕಿಕೊಂಡು ಬಂದಳು. ಯಾರೂ ಅದನ್ನು ಗಮನಿಸಲಿಲ್ಲ.

ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು.

ದಸರೆಯ ಹೊತ್ತಿಗೆ ದೊಡ್ಡ ರಸ್ತೆಯಲ್ಲಿ ಹೊಸದೊಂದು ಪ್ಲೇ ಸ್ಕೂಲು ತೆರೆಯಿತು. ಗೋಡೆಯ ಮೇಲೆಲ್ಲ ಚಿತ್ರ, ಮಕ್ಕಳಿಗೆ ಪುಟಾಣಿ ಟೈ, ಬೆಲ್ಟು, ಕೊರಳಿಗೆ ಕಾರ್ಡು. ಗೇಟಿನಲ್ಲಿ ಗುಂಪು ಕಟ್ಟಿದ್ದವರು ಒಬ್ಬೊಬ್ಬರಾಗಿ ಅಲ್ಲಿಗೆ ಹೋದರು. ಜಗಳವಾಡಿ ಹೋಗಲಿಲ್ಲ, ಬಂದು, ಮಿಸ್ ಕೈ ಹಿಡಿದು, ಹತ್ತಿರ ಆಗುತ್ತೆ ಎಂದೋ ವ್ಯಾನ್ ಬರುತ್ತೆ ಎಂದೋ ಹೇಳಿ ಹೋದರು. ಉಳಿದವರು ಹಿಂದಿನ ಗಲ್ಲಿಯವರು, ಆಟೋದವರು, ಗಾರ್ಮೆಂಟ್ಸಿನವರು. ಆಫೀಸರ ಮಗುವಿನ ಪಕ್ಕದಲ್ಲಿ ಯಾರು ಮಲಗಬೇಕು ಎಂಬ ಪ್ರಶ್ನೆಯೇ ಇಲ್ಲದಾಯಿತು. ನಮ್ಮತ್ತೆ ಆ ವರ್ಷ ತೀರಿಕೊಂಡರು. ಆದರೂ ಮಗಳನ್ನು ಎಲ್‌ಕೆಜಿಗೆ ಸೇರಿಸುವವರೆಗೂ ನಾನು ಅಲ್ಲಿಗೇ ಕಳಿಸಿದೆ.

ಒಂದು ಮಧ್ಯಾಹ್ನ ಮಕ್ಕಳು ಮಲಗಿದ್ದವು. ಕಿಟಕಿಯಿಂದ ಕೆರೆಯ ಕಡೆಯ ತಂಪುಗಾಳಿ. ಮಿಸ್ ಚಾಪೆಯ ಖಾಲಿ ಭಾಗವನ್ನೇ ನೋಡುತ್ತ ಕೇಳಿದರು, "ತಪ್ಪು ಮಾಡ್ಬಿಟ್ನಾ ಮಾ? ಎಲ್ಲಾರೂ ಒಟ್ಟಿಗೆ ಇದ್ರಲ್ಲ. ಅದೊಂದೇ ನಾನು ಮಾಡಿದ್ದ ಕೆಲಸ."

ನಾನು ಒಂದು ಮಗುವಿನ ಮೈಮೇಲಿಂದ ಜಾರಿದ್ದ ಹೊದಿಕೆಯನ್ನು ಎಳೆದು ಸರಿಮಾಡಿದೆ. 

ಮಿಸ್, ಮೂಲೆಯಲ್ಲಿ ಕಾಲು ಚಾಚಿ ಮಲಗಿದ್ದ ಆ ಹುಡುಗಿಯ ಕಡೆ ಗಲ್ಲದಿಂದ ತೋರಿಸಿ, "ಇದನ್ನ ಮತ್ತೆ ಬೀಗದ ಮನೇಗೆ ಕಳಿಸೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ. ಅಷ್ಟೇ ಮಾ. ಬೇರೆ ಏನೂ ಯೋಚನೆ ಮಾಡಿ ಮಾಡಿದ್ದಲ್ಲ" ಎಂದರು.

ಆ ಹುಡುಗಿಯೂ ಹೆಚ್ಚು ದಿನ ಇರಲಿಲ್ಲ. ತಾಯಿಯ ಫ್ಯಾಕ್ಟರಿ ದೊಡ್ಡನೆಕ್ಕುಂದಿಯ ಕಡೆ ಹೋಯಿತು, ಅವರೂ ಹೋದರು. ಹೋಗುವ ದಿನ ತಾಯಿ ಒಂದು ಪುಟ್ಟ ಗಂಟು ಹಸಿ ಶೇಂಗಾ ಗೇಟಿಗೆ ಕಟ್ಟಿ ಹೋಗಿದ್ದಳು. ಆಗ ಮಿಸ್ ಮನೆಯಲ್ಲಿರಲಿಲ್ಲ. ಮುಂದೆ ಕೆಲವು ವರ್ಷಕ್ಕೆ ಮಕ್ಕಳೂ ಕಡಿಮೆಯಾಗಿ, ಮೊಣಕಾಲು ನೋವೂ ಹೆಚ್ಚಾಗಿ, ಮಿಸ್ ಕೆಜಿಎಫ್‌ನಲ್ಲಿದ್ದ ತಂಗಿಯ ಮಗಳ ಮನೆಗೆ ಹೋದರು. ಮೊದಮೊದಲು ಕ್ರಿಸ್‌ಮಸ್ಸಿಗೆ ಫೋನು ಬರುತ್ತಿತ್ತು. ಆಮೇಲೆ ನಾನೇ ಮಾಡುತ್ತಿದ್ದೆ. ಒಂದು ವರ್ಷ ಬೇರೆ ಯಾರೋ ಎತ್ತಿಕೊಂಡು, ಆಂಟಿ ಹೋಗಿ ಎರಡು ತಿಂಗಳಾಯ್ತಲ್ಲ ಎಂದರು. ನಿಮ್ಮ ಹೆಸರು ಏನು ಎಂದೂ ಕೇಳಿದರು... ಹೇಳಿದೆ. ಅವರಿಗೆ ಗುರುತು ಹತ್ತಲಿಲ್ಲ.

ಹಲಸೂರಿನ ಆ ಮನೆ ಇದ್ದ ಜಾಗದಲ್ಲಿ ಈಗ ಬಾತ್‌ರೂಮ್ ಟೈಲ್ಸಿನ ಅಂಗಡಿ. ಮೆಟ್ರೋದಲ್ಲಿ ಆ ಕಡೆ ಹೋದಾಗ ಮೇಲಿನಿಂದ ಹುಡುಕುತ್ತೇನೆ. ತಿರುವು ತಿಳಿಯುವಷ್ಟರಲ್ಲಿ ಸ್ಟೇಷನ್ ಬಂದುಬಿಡುತ್ತದೆ.

ಮಧ್ಯಾಹ್ನ ಮಗಳಿಗೆ ಫೋನು ಮಾಡಿದೆ. ಹಲಸೂರಿನ ಮಿಸ್ ನೆನಪಿದೆಯಾ ಎಂದು ಕೇಳಿದೆ.

"ಯಾವ ಮಿಸ್ಸಮ್ಮಾ? ಎಲ್‌ಕೆಜಿ ಮಿಸ್ಸಾ?"

"ಅದಕ್ಕೂ ಮೊದಲು. ಕೆಂಪು ಸೀರೆ ಉಟ್ಟಿದ್ರು ಒಂದಿನ. ನೀನೇ ಕೂಗಿದ್ದೆ."

"ಇಲ್ಲಪ್ಪ, ಏನೂ ನೆನಪಿಲ್ಲ. ಅಯ್ಯೋ, ಓಟು ನಾನು ಆಗ್ಲೇ ಹಾಕ್ಬಿಟ್ಟೆ ಅಮ್ಮಾ. ಯೂನಿಫಾರ್ಮ್ ಇರ್ಲಿ ಅಂತಾನೇ. ಬೆಳಿಗ್ಗೆ ಅವಳ ಹಿಂದೆ ಓಡೋದ್ ತಪ್ಪುತ್ತೆ. ನೀನು ಬೇಡ ಅಂತಿದ್ಯಾ?"

"ಗೊತ್ತಿಲ್ಲ ಕಣೆ," ಎಂದೆ. ಅದು ನಿಜವೇ. ಬೇಕು ಎನ್ನಲು ಹೋದರೆ ಕೋಣೆಯ ನಡುವೆ ಹಾಡಿಗಾಗಿ ಕಾದು ನಿಂತ ಮಗು ಕಾಣುತ್ತದೆ. ಬೇಡ ಎನ್ನಲು ಹೋದರೆ ಚಾಪೆಯ ಖಾಲಿ ಭಾಗ. ಕೇಳಿ ತಿಳಿದುಕೊಳ್ಳೋಣವೆಂದರೆ, ಕೇಳಬಹುದಾಗಿದ್ದ ಒಬ್ಬರೂ 'ಗೊತ್ತಿಲ್ಲ ಮಾ' ಎಂದೇ ಹೇಳುತ್ತಿದ್ದರೇನೋ. ಆದರೆ ಅದನ್ನು ಅವರ ಬಾಯಿಂದ ಕೇಳುವುದೇ ಬೇರೆಯಾಗಿರುತ್ತಿತ್ತು.

ಸಂಜೆ ಮೊಮ್ಮಗಳನ್ನು ಕರೆತರಲು ಹೋದೆ. ಅಂಗಳದಲ್ಲಿ ಅವಳೂ ಇನ್ನೊಂದು ಮಗುವೂ ಕೈ ಕೈ ಹಿಡಿದು ಗಿರಗಿರನೆ ತಿರುಗುತ್ತಿದ್ದರು. ಇನ್ನೊಂದು, ಅಲ್ಲಿ ಕೆಲಸ ಮಾಡುವ ಆಯಾಳ ಮಗಳು. ತಾಯಿಯ ಕೆಲಸ ಮುಗಿಯುವವರೆಗೂ ಅದೂ ಅಲ್ಲೇ ಇರುತ್ತದೆ. ಯಾರದೋ ದೊಡ್ಡ ಟೀ ಶರ್ಟು ಮೊಣಕಾಲ ಕೆಳಗೆ ಇಳಿದಿತ್ತು. ಎರಡೂ ತಲೆ ತಿರುಗಿ ಮರಳಿನಲ್ಲಿ ಬಿದ್ದವು, ಮತ್ತೆ ಎದ್ದವು.

ನಮ್ಮ ಮೇಲಿನ ಮನೆಯ ಹುಡುಗಿ ತನ್ನ ಮಗನನ್ನು ಕರೆದೊಯ್ಯಲು ಬಂದು ಪಕ್ಕದಲ್ಲಿ ನಿಂತಳು. ಒಳ್ಳೆಯವಳು. ನನಗೆ ಜ್ವರ ಬಂದಾಗ ಎರಡು ಹೊತ್ತು ಸಾರು ಮಾಡಿ ತಂದುಕೊಟ್ಟವಳು. ಫೋನಿನಲ್ಲಿ ಗ್ರೂಪು ನೋಡುತ್ತ, ಮಗನ ಚಪ್ಪಲಿಯ ಮರಳು ಕೊಡವುತ್ತ, ನಕ್ಕು ಹೇಳಿದಳು:

"ಯೂನಿಫಾರ್ಮ್ ಪಾಸಾಯ್ತು ಆಂಟಿ. ಆಯಾ ಮಗೂಗೂ ಒಂದು ಕೊಡ್ತಾರಂತೆ. ಚೆನ್ನಾಗೇ ಇರುತ್ತೆ ಬಿಡಿ. ಆದ್ರೆ ಒಂದೇ ಕಷ್ಟ ನೋಡಿ, ಇನ್ಮೇಲೆ ಬಾಲ್ಕನಿಯಿಂದ ನೋಡಿದ್ರೆ ನಮ್ಮ ಮಕ್ಕಳು ಯಾವುದು, ಆಯಾ ಮಗು ಯಾವುದು ಅಂತಾನೇ ಗೊತ್ತಾಗಲ್ಲ!"